ತುರಿಸುವ ಕಲೆಗಿಂತ ಮೊದಲು ನೋಯದ ಕಲೆ

ಓದುಗರ ಪ್ರಶ್ನೆ: ನಾವು ಕೊಡಗಿನ ನಾಪೋಕ್ಲು ಸಮೀಪದ ಕಾಫಿ ಬೆಳೆಗಾರರು. ನನ್ನ ಮಾವನವರಿಗೆ 67 ವರ್ಷ, ಈಗಲೂ ಬರಿಗಾಲಿನಲ್ಲೇ ತೋಟಕ್ಕೆ ಹೋಗುತ್ತಾರೆ. ಅವರ ಎಡ ಹಿಮ್ಮಡಿಯ ಬಳಿ, ಅಂಗಾಲಿನಲ್ಲಿ, ಒಂದೂವರೆ ವರ್ಷದಿಂದ ಒಂದು ಕಪ್ಪು ಕಲೆಯಿದೆ. ಮೊದಲು ಕರಿಮೆಣಸಿನ ಕಾಳಿನಷ್ಟಿತ್ತು, ಈಗ ಹುಣಸೆ ಬೀಜದಷ್ಟಾಗಿದೆ. ನೋವಿಲ್ಲ, ತುರಿಕೆಯಿಲ್ಲ. ಮುಳ್ಳು ಚುಚ್ಚಿ ರಕ್ತ ಹೆಪ್ಪುಗಟ್ಟಿದೆ ಎನ್ನುತ್ತಾರೆ; ಪರಿಚಯದ ಒಬ್ಬರು ಔಷಧಿ ಹಚ್ಚಿ ಸುಟ್ಟು ತೆಗೆಯುತ್ತೇನೆ ಎಂದಿದ್ದಾರೆ. ಅವರ ಬೆನ್ನಿನ ಮೇಲೆ ಹಲವು ವರ್ಷಗಳಿಂದ ಕಪ್ಪು ಗಂಟುಗಳಿದ್ದು, ಅವುಗಳಲ್ಲಿ ಒಂದು ಅಂಗಿಗೆ ಸಿಕ್ಕಿ ರಕ್ತ ಬಂದಿತ್ತು. ನನಗೆ ಕಳೆದ ಮಳೆಗಾಲದಿಂದ ತೊಡೆಸಂದಿನಲ್ಲಿ ಉಂಗುರದಂತಹ ತುರಿಕೆಯ ಕಲೆಗಳಿವೆ. ಅಂಗಡಿಯ ಮುಲಾಮು ಹಚ್ಚಿದರೆ ಹೋಗುತ್ತವೆ, ನಿಲ್ಲಿಸಿದರೆ ಮರಳುತ್ತವೆ. ಹನ್ನೆರಡು ವರ್ಷದ ಮಗಳ ತೋಳಿನಲ್ಲಿ ಬಿಳಿಚಿಕೊಂಡ ಒಂದು ಕಲೆ ಕಾಣಿಸಿದೆ. ಹಂದಿ ಮಾಂಸ, ಕಣಲೆ (ಎಳೆ ಬಿದಿರು) ನಂಜು, ನಿಲ್ಲಿಸಿ ಎಂದು ಮನೆಯ ಹಿರಿಯರು ಹೇಳುತ್ತಾರೆ. ತೊನ್ನು ಇರಬಹುದೆಂದು ಒಬ್ಬರು ಪಿಸುಗುಟ್ಟಿದರು. ಇವುಗಳಲ್ಲಿ ಯಾವುದಕ್ಕೆ ಹೆದರಬೇಕು? ಫೋಟೋ ಕಳಿಸಿದರೆ ಹೇಳಲು ಸಾಧ್ಯವೇ?

ತಜ್ಞರ ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳಿವೆ. ಇಷ್ಟು ದಿನ ಮನೆಯ ಹಣವೂ ಗಮನವೂ ಹೋಗಿರುವುದು ತುರಿಸುವ ಕಲೆಯ ಕಡೆಗೆ. ನೋವಿಲ್ಲದ, ತುರಿಕೆಯಿಲ್ಲದ ಎರಡು ಕಲೆಗಳು ಮಾತ್ರ ಹಾಗೆಯೇ ಉಳಿದಿವೆ. ಚರ್ಮರೋಗದ ಹೊರರೋಗಿ ವಿಭಾಗದಲ್ಲಿ ಇದು ದಿನವೂ ಕಾಣುವ ಸಂಗತಿ. ತುರಿಕೆ ನಿದ್ದೆ ಕೆಡಿಸುವುದರಿಂದ ಜನರು ಅದಕ್ಕಾಗಿ ಬೇಗ ಬರುತ್ತಾರೆ. ಆದರೆ ಚರ್ಮದ ಕ್ಯಾನ್ಸರ್ ಮತ್ತು ಕುಷ್ಠ, ಇವೆರಡೂ ಮೊದಮೊದಲು ನೋವು ಕೊಡದೆಯೇ ಬೆಳೆಯುತ್ತವೆ. ಆದ್ದರಿಂದ ನಿಮ್ಮ ಪಟ್ಟಿಯ ಕ್ರಮವನ್ನು ನಾನು ಹೀಗೆ ಇಡುತ್ತೇನೆ: ಮೊದಲು ಮಾವನವರ ಅಂಗಾಲು, ನಂತರ ಮಗಳ ತೋಳು, ಅದಾದ ಮೇಲೆ ನಿಮ್ಮ ತುರಿಕೆ, ಕೊನೆಗೆ ಬೆನ್ನಿನ ಗಂಟುಗಳು.

ಫೋಟೋ ನೋಡಿ ಹೇಳುವ ವಿಚಾರ. ಉಂಗುರದ ಕಲೆಯನ್ನು ಒಳ್ಳೆಯ ಬೆಳಕಿನಲ್ಲಿ ತೆಗೆದ ಚಿತ್ರದಿಂದ ಬಹುಮಟ್ಟಿಗೆ ಗುರುತಿಸಬಹುದು. ಅಂಗಾಲಿನ ಕಪ್ಪು ಕಲೆಯನ್ನು ಹಾಗೆ ಗುರುತಿಸಲಾಗದು, ಮಗಳ ಬಿಳಿ ಕಲೆಯನ್ನಂತೂ ಸಾಧ್ಯವೇ ಇಲ್ಲ. ಏಕೆಂದರೆ ಅಲ್ಲಿ ತಿಳಿಯಬೇಕಾಗಿರುವುದು ಬಣ್ಣವಲ್ಲ, ಸ್ಪರ್ಶ. ಆದರೂ ಫೋಟೋ ತೆಗೆದಿಡಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು, ದಿನಾಂಕ ಸಮೇತ ತೆಗೆದ ಚಿತ್ರವು ಕಲೆ ಬೆಳೆದಿದೆಯೋ ಇಲ್ಲವೋ ಎಂಬುದಕ್ಕೆ ನೆನಪಿಗಿಂತ ನಂಬಿಗಸ್ತ ಸಾಕ್ಷಿ.

ಈಗ ಅಂಗಾಲಿಗೆ ಬರೋಣ. ನಮ್ಮಂತಹ ಕಂದು ಚರ್ಮದವರಿಗೆ ಚರ್ಮದ ಕ್ಯಾನ್ಸರ್ ಬರುವುದಿಲ್ಲ ಎಂಬ ನಂಬಿಕೆಯಿದೆ, ಅದರಲ್ಲಿ ಅರ್ಧ ಸತ್ಯವಿದೆ. ಬಣ್ಣ ಕೊಡುವ ಕೋಶಗಳಿಂದ ಹುಟ್ಟುವ ಮೆಲನೋಮ ಎಂಬ ಕ್ಯಾನ್ಸರ್ ಬಿಳಿ ಚರ್ಮದವರಿಗೆ ಹೋಲಿಸಿದರೆ ಭಾರತೀಯರಲ್ಲಿ ಬಹಳ ಅಪರೂಪ. ಆದರೆ ಬಂದಾಗ ಅದು ಹೆಚ್ಚಾಗಿ ಆರಿಸಿಕೊಳ್ಳುವ ಜಾಗಗಳೆಂದರೆ ಅಂಗಾಲು, ಅಂಗೈ ಮತ್ತು ಉಗುರಿನ ಬುಡ. ಬಿಸಿಲು ಹೆಚ್ಚು ಬೀಳದ ಜಾಗಗಳಿವು; ಆದ್ದರಿಂದ ಮುಖಕ್ಕೂ ತೋಳಿಗೂ ಬಿಸಿಲು ತಾಗದಂತೆ ನೋಡಿಕೊಂಡವರು ಕೂಡ ಇದರಿಂದ ಪಾರಾದರೆಂದು ಹೇಳಲಾಗದು. ಜಮೈಕಾದ ಗಾಯಕ ಬಾಬ್ ಮಾರ್ಲಿಯವರ ಕಾಲ್ಬೆರಳಿನ ಉಗುರಿನಡಿ 1977ರಲ್ಲಿ ಪತ್ತೆಯಾದದ್ದು ಇದೇ ಬಗೆಯ ಕ್ಯಾನ್ಸರ್. ಮೊದಲು ಅದನ್ನು ಫುಟ್‌ಬಾಲ್ ಆಟದ ಗಾಯವೆಂದೇ ಭಾವಿಸಲಾಗಿತ್ತು. 1981ರಲ್ಲಿ, 36ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಕಾಲಿನಲ್ಲಿ ಕಾಣುವ ಕಪ್ಪಿಗೆ ಗಾಯದ ಕಾರಣವೊಂದು ಸುಲಭವಾಗಿ ಸಿಕ್ಕಿಬಿಡುತ್ತದೆ. ತೋಟದಲ್ಲಿ ಓಡಾಡುವವರಿಗಂತೂ ಮುಳ್ಳು ಚುಚ್ಚದ ವಾರವೇ ಇರುವುದಿಲ್ಲ.

ಹಾಗಿದ್ದರೆ ಮುಳ್ಳಿನ ರಕ್ತವನ್ನೂ ಅಪಾಯದ ಕಲೆಯನ್ನೂ ಬೇರ್ಪಡಿಸುವುದು ಹೇಗೆ? ಮುಖ್ಯವಾದದ್ದು ಕಾಲ. ಅಂಗಾಲಿನ ಚರ್ಮದಡಿ ನಿಂತ ರಕ್ತವು ಚರ್ಮ ಬೆಳೆದಂತೆ ಮೇಲಕ್ಕೆ ಸರಿದು, ಕೆಲವು ವಾರಗಳಲ್ಲಿ ಸವೆದು ಹೋಗುತ್ತದೆ. ವೈದ್ಯರು ಮೇಲ್ಪದರವನ್ನು ಬ್ಲೇಡಿನಿಂದ ಮೆಲ್ಲಗೆ ಹೆರೆದರೆ ಕಪ್ಪೂ ಅದರೊಂದಿಗೇ ಉದುರುತ್ತದೆ. ಒಂದೂವರೆ ವರ್ಷ ಉಳಿದು, ಅಷ್ಟರಲ್ಲಿ ಹಿಗ್ಗಿರುವ ಕಲೆಯನ್ನು ಹೆಪ್ಪುಗಟ್ಟಿದ ರಕ್ತವೆಂದು ನಾನು ಒಪ್ಪಲಾರೆ. ಉಗುರಿನಡಿಯ ಕಪ್ಪಿಗೂ ಇದೇ ನ್ಯಾಯ: ಕಾಲಿನ ಹೆಬ್ಬೆರಳಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್‌ ಮಾತ್ರ ಬೆಳೆಯುವುದರಿಂದ ರಕ್ತದ ಕಲೆ ಪೂರ್ತಿ ಮುಂದಕ್ಕೆ ಸಾಗಲು ಒಂದು ವರ್ಷವೇ ಹಿಡಿಯಬಹುದು, ಆದರೆ ಅದು ಸಾಗುತ್ತಲೇ ಇರಬೇಕು. ಸಾಗದೆ ಬುಡದಿಂದ ತುದಿಯವರೆಗೆ ಪಟ್ಟಿಯಾಗಿ ನಿಂತು ಅಗಲವಾಗುತ್ತಿದ್ದರೆ, ಅಥವಾ ಕಪ್ಪು ಉಗುರನ್ನು ದಾಟಿ ಪಕ್ಕದ ಚರ್ಮಕ್ಕೆ ಹರಿದಿದ್ದರೆ ತಡಮಾಡಬಾರದು.

ಎರಡನೆಯದು ಒಂಟಿತನ. ನಮ್ಮಲ್ಲಿ ಅನೇಕರ ಎರಡೂ ಅಂಗಾಲುಗಳಲ್ಲಿ ತೆಳು ಕಂದು ಮಚ್ಚೆಗಳು ಅಲ್ಲಲ್ಲಿ ಇರುತ್ತವೆ. ಅದು ಚರ್ಮದ ಸಹಜ ಬಣ್ಣದ ಏರಿಳಿತ, ಅದಕ್ಕೆ ಏನೂ ಬೇಕಿಲ್ಲ. ಅರವತ್ತು ದಾಟಿದ ಮೇಲೆ ಒಂದೇ ಪಾದದಲ್ಲಿ, ಒಂದೇ ಒಂದಾಗಿ, ಹೊಸದಾಗಿ ಹುಟ್ಟಿದ ಮಚ್ಚೆ ಬೇರೆ ಮಾತು. ಇದರ ಜೊತೆಗೆ ಅಂಚು ಅಂಕುಡೊಂಕಾಗಿರುವುದು, ಒಂದರ್ಧ ಇನ್ನೊಂದರ್ಧಕ್ಕೆ ಹೊಂದದಿರುವುದು, ಒಂದೇ ಕಲೆಯಲ್ಲಿ ಕಂದು, ಕಪ್ಪು, ಬೂದು ಬೆರೆತಿರುವುದು, ಅಗಲ ಆರೇಳು ಮಿಲಿಮೀಟರ್‌ ಮೀರಿರುವುದು ಇವೆಲ್ಲ ಸಂಶಯವನ್ನು ಹೆಚ್ಚಿಸುತ್ತವೆ. ಆದರೂ ಇವುಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಆರಿಸುವುದು ಬದಲಾವಣೆಯನ್ನು. ಮಾವನವರ ಕಲೆ ಕಾಳಿನಿಂದ ಬೀಜದಷ್ಟಾಯಿತು ಎಂಬ ನಿಮ್ಮ ಒಂದು ವಾಕ್ಯ ಸಾಕು.

ಇಷ್ಟಾದರೂ ಅದು ಕ್ಯಾನ್ಸರೇ ಎಂದು ನಾನು ಹೇಳುತ್ತಿಲ್ಲ. ಮಾಮೂಲು ಮಚ್ಚೆಯೂ ಇರಬಹುದು. ನೆತ್ತರು ಕಟ್ಟಿದ ಕಪ್ಪು ಚುಕ್ಕೆಗಳಿರುವ ನರಹುಲಿಯೂ ಇರಬಹುದು. ನರಹುಲಿಯೋ ಆಣಿಯೋ ಎಂಬ ಅನುಮಾನವಿದ್ದರೆ, ಆಣಿಯ ಮೇಲೆ ಅಂಗಾಲಿನ ಗೆರೆಗಳು ಹಾಗೆಯೇ ಸಾಗುತ್ತವೆ, ನರಹುಲಿ ಆ ಗೆರೆಗಳನ್ನು ತುಂಡರಿಸುತ್ತದೆ. ಕನ್ನಡಕ ಹಾಕಿ ನೋಡಿದರೆ ನಿಮಗೇ ಕಾಣುವಂತಹ ಗುರುತು ಇದು. ವೈದ್ಯರು ಡರ್ಮೋಸ್ಕೋಪ್ ಎಂಬ, ಬೆಳಕು ಜೋಡಿಸಿದ ಭೂತಗನ್ನಡಿಯನ್ನು ಕಲೆಯ ಮೇಲಿಟ್ಟು ನೋಡುತ್ತಾರೆ. ಅಂಗಾಲಿನ ಚರ್ಮದಲ್ಲಿ ಬೆರಳಚ್ಚಿನ ಹಾಗೆ ದಿಬ್ಬ ಮತ್ತು ತಗ್ಗುಗಳ ಸಾಲುಗಳಿವೆಯಷ್ಟೇ. ನಿರುಪದ್ರವಿ ಮಚ್ಚೆಯ ಬಣ್ಣ ಸಾಮಾನ್ಯವಾಗಿ ತಗ್ಗಿನ ಗೆರೆಗಳಲ್ಲಿ ನಿಲ್ಲುತ್ತದೆ, ಮೆಲನೋಮದ ಬಣ್ಣ ದಿಬ್ಬಗಳ ಮೇಲೆ ಹರಡುತ್ತದೆ. ಜಪಾನಿನ ಚರ್ಮವೈದ್ಯರು ವಿವರಿಸಿದ ಈ ವ್ಯತ್ಯಾಸದಿಂದ ಅನವಶ್ಯಕ ಶಸ್ತ್ರಕ್ರಿಯೆಗಳು ಎಷ್ಟೋ ತಪ್ಪುತ್ತವೆ. ಆದರೆ ವಯಸ್ಸಾದವರಲ್ಲಿ ಬೆಳೆಯುತ್ತಿರುವ ಕಲೆಗೆ ಕೊನೆಯ ತೀರ್ಪು ಬಯಾಪ್ಸಿಯದೇ, ಅಂದರೆ ಕಲೆಯನ್ನು ಕತ್ತರಿಸಿ ತೆಗೆದು ಪ್ರಯೋಗಾಲಯದಲ್ಲಿ ನೋಡುವ ಪರೀಕ್ಷೆಯದೇ.

ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯದಿಂದ ಬಯಾಪ್ಸಿಯನ್ನು ಮುಂದೂಡುವವರು ಬಹಳ. ಬಯಾಪ್ಸಿಯಿಂದ ಮೆಲನೋಮ ಹರಡುವುದಿಲ್ಲ. ತಡಮಾಡಿದರೆ ಅದು ತಾನಾಗಿಯೇ ಆಳಕ್ಕೆ ಇಳಿಯುತ್ತದೆ. ಆಳವೇ ಇಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ. ಅಮೆರಿಕದ ರೋಗಶಾಸ್ತ್ರಜ್ಞ ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ತೋರಿಸಿಕೊಟ್ಟಂತೆ, ಗಡ್ಡೆಯ ದಪ್ಪವನ್ನು ಮಿಲಿಮೀಟರ್‌ಗಳಲ್ಲಿ ಅಳೆದರೆ ರೋಗಿಯ ಮುಂದಿನ ದಾರಿ ಬಹುಮಟ್ಟಿಗೆ ತಿಳಿಯುತ್ತದೆ. ಒಂದು ಮಿಲಿಮೀಟರ್‌ಗಿಂತ ತೆಳುವಿದ್ದಾಗ ಹೆಚ್ಚಿನವರು ಶಸ್ತ್ರಕ್ರಿಯೆಯೊಂದರಿಂದಲೇ ಗುಣವಾಗುತ್ತಾರೆ. ನಾಲ್ಕು ಮಿಲಿಮೀಟರ್‌ ಮೀರಿದಾಗ ಮಾತು ಕಷ್ಟಕ್ಕೆ ಬರುತ್ತದೆ. ಸುಟ್ಟು ತೆಗೆಯುವುದು ಬೇಡ ಎನ್ನುವುದಕ್ಕೂ ಕಾರಣ ಇದೇ. ಆಮ್ಲ, ಸುಣ್ಣ, ಕೇರೆಣ್ಣೆ, ಕ್ಲಿನಿಕ್ಕಿನ ಲೇಸರ್ ಯಾವುದರಿಂದ ಸುಟ್ಟರೂ ಮೇಲಿನ ಕಪ್ಪು ಮಾಯವಾಗುತ್ತದೆ, ಕೆಳಗಿನದು ಉಳಿಯುತ್ತದೆ. ಅಳೆಯಲು ಬೇಕಾದ ತುಣುಕು ಮಾತ್ರ ಶಾಶ್ವತವಾಗಿ ಇಲ್ಲವಾಗುತ್ತದೆ.

ಆಯ್ಕೆಗಳು ಮತ್ತು ಅವುಗಳ ತೊಡಕುಗಳನ್ನೂ ಹೇಳಿಬಿಡುತ್ತೇನೆ. ಕಲೆಯನ್ನು ಸುತ್ತಲಿನ ಒಂದೆರಡು ಮಿಲಿಮೀಟರ್ ಚರ್ಮದೊಂದಿಗೆ ಪೂರ್ತಿ ತೆಗೆದು ಪರೀಕ್ಷೆಗೆ ಕಳಿಸುವುದು ಅತ್ಯುತ್ತಮ. ಅಂಗಾಲಿನಲ್ಲಿ ಚರ್ಮ ಎಳೆದು ಹೊಲಿಯುವಷ್ಟು ಸಡಿಲವಿಲ್ಲದ ಕಾರಣ ಗಾಯ ನಿಧಾನವಾಗಿ ಮಾಗುತ್ತದೆ, ಕೆಲವು ವಾರ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ, ಸಕ್ಕರೆ ಕಾಯಿಲೆಯಿದ್ದರೆ ಇನ್ನಷ್ಟು ಜಾಗ್ರತೆ ಬೇಕು. ಕಲೆ ದೊಡ್ಡದೆನಿಸಿದರೆ ಅತಿ ಕಪ್ಪಾದ ಅಥವಾ ದಪ್ಪಗಾದ ಭಾಗದಿಂದ ಒಂದು ತುಣುಕು ತೆಗೆಯುತ್ತಾರೆ. ಇದು ಸಣ್ಣ ಗಾಯ, ಆದರೆ ತುಣುಕು ತಪ್ಪು ಜಾಗದ್ದಾದರೆ ರೋಗ ಕೈತಪ್ಪಬಹುದು, ಆದ್ದರಿಂದ ವರದಿ ಚೆನ್ನಾಗಿದೆ ಎಂದು ಬಂದ ಮೇಲೂ ಕಲೆ ಬೆಳೆಯುತ್ತಿದ್ದರೆ ಮತ್ತೆ ಕೇಳಬೇಕು. ಮೂರು ತಿಂಗಳು ಕಾದು ನೋಡುವ ಆಯ್ಕೆಯು ಬದಲಾಗದ ಸಣ್ಣ ಮಚ್ಚೆಗಳಿಗೆ ಸಲ್ಲುತ್ತದೆ, ನಿಮ್ಮ ಮಾವನವರ ಕಲೆಗೆ ಸಲ್ಲುವುದಿಲ್ಲ. ಕಾಫಿ ಕೊಯ್ಲು ಮುಗಿಯಲಿ ಎಂದು ಅವರು ಹೇಳಬಹುದು, ಕೊಯ್ಲು ಕಾಯುತ್ತದೆ.

ಬೆನ್ನಿನ ಗಂಟುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಲವತ್ತು ದಾಟಿದವರ ಬೆನ್ನು, ಎದೆಗಳ ಮೇಲೆ ಕರಗಿದ ಮೇಣದ ಹನಿ ಅಂಟಿಸಿದಂತೆ ಕಾಣುವ, ಒರಟಾದ, ಕಪ್ಪು ಅಥವಾ ಕಂದು ಗಂಟುಗಳು ಸೆಬೋರಿಕ್ ಕೆರಟೋಸಿಸ್ ಎಂಬ ನಿರುಪದ್ರವಿ ಬೆಳವಣಿಗೆಗಳು. ಕೆನ್ನೆಯ ಮೇಲಿನ ಸಣ್ಣ ಕರಿ ಬೊಕ್ಕೆಗಳೂ ಇವುಗಳ ನೆಂಟರೇ. ಅಂಗಿಗೆ ಸಿಕ್ಕಿ ಒಮ್ಮೆ ರಕ್ತ ಬಂದಿತೆಂಬುದು ಕ್ಯಾನ್ಸರಿನ ಲಕ್ಷಣವಲ್ಲ. ಏನೂ ತಾಗದೆ ತಾನಾಗಿ ರಕ್ತ ಬರುವುದು ಬೇರೆ. ಹೇಗೂ ಅಂಗಾಲು ತೋರಿಸಲು ಹೋಗುತ್ತೀರಿ, ಅಂಗಿ ಬಿಚ್ಚಿ ಬೆನ್ನನ್ನೂ ತೋರಿಸಿ. ಅಂದಕ್ಕಾಗಿ ತೆಗೆಸಬೇಕೆಂದರೆ ವಿದ್ಯುತ್ತಿನಿಂದಲೋ ದ್ರವ ಸಾರಜನಕದಿಂದಲೋ ತೆಗೆಯಬಹುದು, ಆದರೆ ನಮ್ಮ ಚರ್ಮದಲ್ಲಿ ಆ ಜಾಗ ಬಿಳಿಯಾಗಿ ಅಥವಾ ಇನ್ನೂ ಕಪ್ಪಾಗಿ ಉಳಿಯುವ ಸಂಭವವಿದೆ. ಕುತ್ತಿಗೆಯ ಸುತ್ತ ತೂಗುವ ಮೆತ್ತನೆಯ ಚರ್ಮದ ತುಣುಕುಗಳಿಗೆ ಕೂದಲು ಕಟ್ಟಿ ಬೀಳಿಸುವ ಪದ್ಧತಿ ನಮ್ಮ ಕಡೆ ಇದೆ. ಕೀವಾಗದಿದ್ದರೆ ಅದರಿಂದ ದೊಡ್ಡ ಹಾನಿಯೇನೂ ಇಲ್ಲ, ಆದರೆ ಅಂತಹ ತುಣುಕುಗಳ ಜೊತೆಗೆ ಕುತ್ತಿಗೆ ಕಪ್ಪಾಗಿ ದಪ್ಪಗಾಗಿದ್ದರೆ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಇನ್ನು ನಿಮ್ಮ ತೊಡೆಸಂದಿನ ಉಂಗುರಗಳು. ನಡುವೆ ವಾಸಿಯಾದಂತೆ ತೋರಿ ಅಂಚಿನಲ್ಲಿ ಕೆಂಪಾಗಿ, ಹೊಟ್ಟು ಹೊಟ್ಟಾಗಿ ಹರಡುವ ಕಲೆ ಗಜಕರ್ಣ ಅಥವಾ ಹುಳುಕಡ್ಡಿ. ಹೆಸರಿನಲ್ಲಿ ಹುಳವಿದ್ದರೂ ಕಾರಣ ಶಿಲೀಂಧ್ರ. ಮೈಯ ಉಷ್ಣವೂ ಅಲ್ಲ, ರಕ್ತ ಕೆಟ್ಟದ್ದೂ ಅಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಬಟ್ಟೆ ಒಣಗದ ನಾಡಿನಲ್ಲಿ, ಒದ್ದೆ ಒಳಉಡುಪು, ಬಿಗಿಯಾದ ಜೀನ್ಸ್, ದಿನವಿಡೀ ಗಮ್‌ಬೂಟು ತೊಟ್ಟು ಕೆಲಸ ಮಾಡುವವರಲ್ಲಿ ಇದು ಮನೆಯಿಡೀ, ತೋಟದ ಕಾರ್ಮಿಕರ ಲೈನ್ ಮನೆಗಳಿಡೀ ಹಬ್ಬುತ್ತದೆ.

ಹಚ್ಚಿದರೆ ಹೋಗಿ, ಬಿಟ್ಟರೆ ಮರಳುತ್ತದೆ ಎಂದಿರಿ. ನೀವು ಟ್ಯೂಬಿನ ಹೆಸರು ಬರೆದಿಲ್ಲ, ಆದರೆ ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ನೋಡಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್. ಶಿಲೀಂಧ್ರದ ಔಷಧಿ ಮತ್ತು ಪ್ರತಿಜೈವಿಕದ ಜೊತೆ ಸ್ಟೀರಾಯ್ಡ್ ಬೆರೆಸಿದ ಇಂತಹ ಮಿಶ್ರಣಗಳು ಎರಡೇ ದಿನಗಳಲ್ಲಿ ತುರಿಕೆ ಇಳಿಸುತ್ತವೆ, ಏಕೆಂದರೆ ಸ್ಟೀರಾಯ್ಡ್ ಚರ್ಮದ ಪ್ರತಿಭಟನೆಯನ್ನೇ ಅಡಗಿಸುತ್ತದೆ. ತಡೆಯುವವರಿಲ್ಲದ ಶಿಲೀಂಧ್ರ ಸದ್ದಿಲ್ಲದೆ ಹರಡುತ್ತದೆ. ಉಂಗುರದ ಆಕಾರ ಕೆಟ್ಟು ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿನ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲಿರುವಂತಹ ಬಿರಿದ ಗೆರೆಗಳು ಬೀಳುತ್ತವೆ, ಅವು ಮತ್ತೆ ಹೋಗುವುದಿಲ್ಲ. ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮವನ್ನು ಬಿಗಿಗೊಳಿಸಿತು. ಅಂಗಡಿಯ ಗಲ್ಲಾದ ಮೇಲೆ ಅದರ ಪರಿಣಾಮ ಎಷ್ಟೆಂಬುದನ್ನು ನೀವೇ ಕಂಡಿದ್ದೀರಿ.

ಮುಲಾಮು ನಿಲ್ಲಿಸಿದ ಮೇಲೆ ಒಂದೆರಡು ವಾರ ತುರಿಕೆ ಹೆಚ್ಚಾಗುತ್ತದೆ. ಆಗ ಹೆದರಿ ಹಳೆಯ ಟ್ಯೂಬಿಗೇ ಮರಳುವುದು ಸಾಮಾನ್ಯ, ದಯವಿಟ್ಟು ಮರಳಬೇಡಿ. ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಸರಳ ಪರೀಕ್ಷೆ ರೋಗವನ್ನು ಖಚಿತಪಡಿಸುತ್ತದೆ. ಕಲೆಗಳು ಹಲವಿದ್ದರೆ ಬರೀ ಮುಲಾಮು ಸಾಲದು, ಇಟ್ರಕೊನಜೋಲ್ ಅಥವಾ ಟರ್ಬಿನಫಿನ್ ಮಾತ್ರೆಗಳು ಹಲವು ವಾರ ಬೇಕಾಗುತ್ತವೆ. ಹಿಂದೆ ಎರಡು ವಾರದಲ್ಲಿ ವಾಸಿಯಾಗುತ್ತಿದ್ದ ರೋಗಕ್ಕೆ ಈಗ ಇಷ್ಟು ಕಾಲ ಏಕೆಂದರೆ, ಟರ್ಬಿನಫಿನ್‌ಗೆ ಬಗ್ಗದ ಹೊಸ ಬಗೆಯ ಶಿಲೀಂಧ್ರವೊಂದು ಭಾರತದಲ್ಲಿ ವ್ಯಾಪಕವಾಗಿದೆ; ಅದರ ವೈಜ್ಞಾನಿಕ ಹೆಸರಿನಲ್ಲೇ ಭಾರತ ಸೇರಿಕೊಂಡು ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದಾಗಿದೆ. ಮಾತ್ರೆಗಳಿಗೂ ಅಪಾಯವುಂಟು. ಯಕೃತ್ತಿನ ತೊಂದರೆ ಇರುವವರು, ಹೃದಯ ದುರ್ಬಲವಾಗಿರುವವರು, ಕೊಲೆಸ್ಟರಾಲ್ ಮಾತ್ರೆ ನುಂಗುವವರು ಮತ್ತು ಗರ್ಭಿಣಿಯರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಕಲೆ ಮಾಸಿದ ಮೇಲೂ ಸುಮಾರು ಎರಡು ವಾರ ಚಿಕಿತ್ಸೆ ಮುಂದುವರಿಸಬೇಕು, ಮನೆಯಲ್ಲಿ ತುರಿಕೆಯಿರುವ ಎಲ್ಲರಿಗೂ ಒಟ್ಟಿಗೇ ಆಗಬೇಕು. ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಬಿಸಿಲಿಲ್ಲದ ದಿನ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಒಳಉಡುಪನ್ನು ಒಳಮಗ್ಗುಲಿನಿಂದ ಇಸ್ತ್ರಿ ಮಾಡಿ ತೊಡಿ.

ತೋಟದ ಎಲ್ಲ ತುರಿಕೆಯೂ ಗಜಕರ್ಣವಲ್ಲ ಎಂಬುದನ್ನು ಇಲ್ಲಿಯೇ ಸೇರಿಸುತ್ತೇನೆ. ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸಿದ ಮೇಲೆ ಮುಂಗೈ, ಕುತ್ತಿಗೆಗಳಲ್ಲಿ ಬರುವ ಉರಿ, ಬೂಟಿನ ರಬ್ಬರು ತಾಗುವಷ್ಟೇ ಜಾಗದಲ್ಲಿ ಏಳುವ ಇಸುಬು, ಕಾಡುಗೇರಿನ ಸೊನೆ ಸೋಕಿದಲ್ಲಿ ಗೆರೆಯೆಳೆದಂತೆ ಏಳುವ ನೀರ್ಗುಳ್ಳೆ, ಜಿಗಣೆ ಕಚ್ಚಿದ ಜಾಗದಲ್ಲಿ ವಾರಗಳವರೆಗೆ ಉಳಿಯುವ ಗಂಟು ಇವೆಲ್ಲ ಬೇರೆಯೇ ಕಾರಣದವು. ಏನು ತಾಗಿತು, ಎಲ್ಲಿ ತಾಗಿತು ಎಂದು ಕೇಳಿಕೊಂಡರೆ ಅರ್ಧ ಉತ್ತರ ಸಿಗುತ್ತದೆ. ರಾತ್ರಿ ಹೆಚ್ಚಾಗಿ, ಬೆರಳ ಸಂದುಗಳಲ್ಲಿ ಗುಳ್ಳೆಯೆದ್ದು, ಮನೆಮಂದಿಗೆಲ್ಲ ಬಂದರೆ ಅದು ಕಜ್ಜಿ.

ಮಗಳ ತೋಳಿನ ಕಲೆಯ ವಿಚಾರಕ್ಕೆ ಬಂದಾಗ ತೊನ್ನು ಎಂಬ ಪಿಸುಮಾತು ನಿಮ್ಮನ್ನು ಹೆಚ್ಚು ಕಾಡಿದಂತಿದೆ. ತೊನ್ನಿನ ಕಲೆ ಬಿಳಿಚಿರುವುದಿಲ್ಲ, ಸುಣ್ಣದಷ್ಟು ಬಿಳಿಯಾಗಿರುತ್ತದೆ, ಅಂಚು ಸ್ಪಷ್ಟವಾಗಿರುತ್ತದೆ, ಕೆಲವೊಮ್ಮೆ ಅಲ್ಲಿನ ಕೂದಲೂ ನೆರೆಯುತ್ತದೆ. ಅದು ಅಂಟುವುದಿಲ್ಲ, ಕುಷ್ಠಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ಬಣ್ಣದ ಕೋಶಗಳ ಮೇಲೆಯೇ ತಿರುಗಿಬೀಳುವುದರಿಂದ ಬರುತ್ತದೆ, ಚಿಕಿತ್ಸೆಯೂ ಇದೆ. ನೀವು ವಿವರಿಸಿದ ಮಸುಕಾದ ಬಿಳಿಚು ಕಲೆ ಶಿಲೀಂಧ್ರದಿಂದ ಬರುವ ಚಿಬ್ಬು ಇರಬಹುದು. ಉಗುರಿನಿಂದ ಕೆರೆದರೆ ಸಣ್ಣ ಹೊಟ್ಟು ಉದುರುತ್ತದೆ, ಔಷಧಿಯಿಂದ ಶಿಲೀಂಧ್ರ ಬೇಗ ಸತ್ತರೂ ಬಣ್ಣ ಮರಳಲು ತಿಂಗಳುಗಳು ಬೇಕು. ಒಣ ಚರ್ಮದ ಮಕ್ಕಳಲ್ಲಿ ಕಾಣುವ, ಎಣ್ಣೆ ಹಚ್ಚಿದರೆ ಸುಧಾರಿಸುವ ಬಿಳಿಚೂ ಇರಬಹುದು.

ಆದರೆ ನಾನು ಮೊದಲು ತಳ್ಳಿಹಾಕಬೇಕಾದದ್ದು ಕುಷ್ಠವನ್ನು. ರಾಷ್ಟ್ರಮಟ್ಟದಲ್ಲಿ 2005ರ ಕೊನೆಗೆ ರೋಗಿಗಳ ಸಂಖ್ಯೆ ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕಡಿಮೆಯಾಯಿತೆಂದು ಘೋಷಣೆಯಾದ ನಂತರ ಜನರೂ ಕೆಲವು ವೈದ್ಯರೂ ಅದನ್ನು ಮರೆತಂತಾಗಿದೆ. ರೋಗ ಮಾತ್ರ ಹೋಗಿಲ್ಲ, ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈಗಲೂ ಭಾರತದವರೇ. ಮಗಳು ಕಣ್ಣು ಮುಚ್ಚಿರುವಾಗ ಹತ್ತಿಯ ಎಳೆಯ ತುದಿಯಿಂದ ಒಮ್ಮೆ ಕಲೆಯನ್ನೂ ಒಮ್ಮೆ ಪಕ್ಕದ ಚರ್ಮವನ್ನೂ ಮುಟ್ಟಿ, ಮುಟ್ಟಿದ ಜಾಗವನ್ನು ಬೆರಳಿನಿಂದ ತೋರಿಸಲು ಹೇಳಿ. ಕಲೆಯೊಳಗೆ ಮತ್ತೆ ಮತ್ತೆ ತಪ್ಪಿದರೆ, ಅಥವಾ ಅಲ್ಲಿ ಬೆವರು ಬರುತ್ತಿಲ್ಲ, ರೋಮ ಉದುರಿದೆ ಎನಿಸಿದರೆ ಅದೇ ವಾರ ವೈದ್ಯರನ್ನು ಕಾಣಿ. ಸರಿಯಾಗಿ ತೋರಿಸಿದರೂ ಒಮ್ಮೆ ತೋರಿಸಿಯೇ ಬನ್ನಿ, ಏಕೆಂದರೆ ಮಕ್ಕಳಲ್ಲಿ ಈ ಪರೀಕ್ಷೆ ಯಾವಾಗಲೂ ನಂಬಿಗಸ್ತವಲ್ಲ. ಕುಷ್ಠವೆಂದೇ ಆದರೂ ಸರ್ಕಾರಿ ಆಸ್ಪತ್ರೆಗಳಲ್ಲಿ ಬಹುಔಷಧಿ ಚಿಕಿತ್ಸೆ ಉಚಿತ, ಆರು ತಿಂಗಳು ಅಥವಾ ಒಂದು ವರ್ಷದಲ್ಲಿ ಮುಗಿಯುತ್ತದೆ, ಔಷಧಿ ಆರಂಭಿಸಿದ ಕೆಲವೇ ದಿನಗಳಲ್ಲಿ ಹರಡುವುದು ನಿಲ್ಲುತ್ತದೆ, ಮಗು ಶಾಲೆ ಬಿಡಬೇಕಿಲ್ಲ. ನರಕ್ಕೆ ಹಾನಿಯಾದ ಮೇಲೆ ಬಂದರೆ ಮಾತ್ರ ಕಳೆದುಕೊಂಡ ಸ್ಪರ್ಶ ಮರಳದಿರಬಹುದು.

ನಂಜಿನ ಮಾತಿಗೂ ಉತ್ತರಿಸಬೇಕು. ಹಂದಿ ಮಾಂಸದಿಂದಲಾಗಲಿ, ಕಣಲೆಯಿಂದಲಾಗಲಿ, ಏಡಿಯಿಂದಲಾಗಲಿ ತೊನ್ನು, ಗಜಕರ್ಣ, ಕುಷ್ಠ, ಮಚ್ಚೆ ಯಾವುದೂ ಬರುವುದಿಲ್ಲ. ಏಡಿ, ಸೀಗಡಿ ತಿಂದ ಒಂದೆರಡು ಗಂಟೆಯೊಳಗೆ ಮೈಯೆಲ್ಲ ದದ್ದು ಏಳುವವರಿದ್ದಾರೆ. ಅದು ಅಲರ್ಜಿ, ಅಂಥವರು ಬಿಡಲೇಬೇಕು. ಉಳಿದವರ ಪಂದಿ ಕರಿಯನ್ನು ಚರ್ಮದ ಹೆಸರಿನಲ್ಲಿ ಕಸಿಯಲು ನನಗೆ ಯಾವ ಆಧಾರವೂ ಇಲ್ಲ.

ನೀವು ಕೇಳದಿದ್ದರೂ, ನೋಯದೆ ಕಾಡುವ ಇನ್ನು ಕೆಲವನ್ನು ತೋಟದವರು ತಿಳಿದಿರಬೇಕು. ಜ್ವರ, ತಲೆನೋವಿನ ಜೊತೆಗೆ ಕಂಕುಳು, ತೊಡೆಸಂದು ಅಥವಾ ಸೊಂಟದ ಪಟ್ಟಿಯಡಿ ಸಿಗರೇಟಿನಿಂದ ಸುಟ್ಟಂತಹ ನೋವಿಲ್ಲದ ಕಪ್ಪು ಹಕ್ಕಳೆ ಕಂಡರೆ ಅದು ಪೊದೆಯ ನುಸಿಹುಳುಗಳಿಂದ ಬರುವ ಸ್ಕ್ರಬ್ ಟೈಫಸ್ ಇರಬಹುದು. ಸಕಾಲದಲ್ಲಿ ಡಾಕ್ಸಿಸೈಕ್ಲಿನ್ ಕೊಟ್ಟರೆ ಒಂದೆರಡು ದಿನಗಳಲ್ಲಿ ಜ್ವರ ಇಳಿಯುತ್ತದೆ, ತಡವಾದರೆ ಜೀವಕ್ಕೇ ಅಪಾಯ. ಮುಳ್ಳು ಚುಚ್ಚಿದ ಜಾಗದಲ್ಲಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವ, ಮೇಲೆ ಕಪ್ಪು ಚುಕ್ಕೆಗಳಿರುವ ನರಹುಲಿಯಂತಹ ದಪ್ಪ ಚರ್ಮವು ಮಣ್ಣಿನ ಶಿಲೀಂಧ್ರದಿಂದ ಬಂದದ್ದಿರಬಹುದು. ಹಳೆಯ ಸುಟ್ಟ ಗಾಯದ ಕಲೆಯಲ್ಲಿ ಹೊಸದಾಗಿ ಹುಣ್ಣಾಗಿ ಆರು ವಾರ ಕಳೆದರೂ ಮಾಗದಿದ್ದರೆ ಬಯಾಪ್ಸಿ ಮಾಡಿಸಲೇಬೇಕು.

ಮಾವನವರನ್ನೂ ಮಗಳನ್ನೂ ಈ ವಾರವೇ ಚರ್ಮವೈದ್ಯರ ಬಳಿ ಕರೆದೊಯ್ಯಿರಿ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿಂದ ಆರಂಭಿಸಬಹುದು, ಮೆಲನೋಮ ಎಂದಾದರೆ ಮುಂದಿನ ಶಸ್ತ್ರಕ್ರಿಯೆಗೆ ಮೈಸೂರು, ಮಂಗಳೂರು ಅಥವಾ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾದೀತು. ಅಂದು ಬೆಳಿಗ್ಗೆ ಅವರ ಪಾದವನ್ನು ಬಿಸಿನೀರಿನಲ್ಲಿ ನೆನೆಸಿ ಉಜ್ಜಿ ತೊಳೆಯಿರಿ, ಅರಿಶಿನ, ಎಣ್ಣೆ ಏನನ್ನೂ ಹಚ್ಚಬೇಡಿ. ನಿಮ್ಮ ಕಲೆಗಳಿಗೆ ಇಷ್ಟು ದಿನ ಹಚ್ಚಿದ ಟ್ಯೂಬುಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿ ತೆಗೆದುಕೊಂಡು ಹೋಗಿ. ಕಾಲಿನ ಕಲೆಯಿಂದ ಏನನ್ನಾದರೂ ತೆಗೆದರೆ ಅದು ಪ್ರಯೋಗಾಲಯಕ್ಕೆ ಹೋಗುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ, ವರದಿಯ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿ.